ಇವರಿಗೆ ಹೊರಗಿನ ಊಟ ಆಗುವುದಿಲ್ಲ

ಆಗಸ್ಟ್ 20, ಮಂಗಳವಾರ

ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳಹೊರಟರೆ ಅತ್ತುಬಿಡುತ್ತೇನೆ. ಬರೆದರೆ ಬರೀ ಬೆರಳು ನೋಯುತ್ತದೆ.

ಗಂಡನ ಅಕ್ಕ, ಮೂಯ್ ಅಕ್ಕ, ಬೆಳಿಗ್ಗೆ ತಮ್ಮೂರು ನಾಮ್ ದಿನ್‌ನ ಬಸ್ಸು ಹತ್ತಿದರು. ಹನ್ನೆರಡು ದಿನ ಇದ್ದು, ಅಷ್ಟು ದಿನವೂ ತಮ್ಮನ ಫೋಟೋ ಮುಂದೆ ಎರಡು ಹೊತ್ತು ಬಿಸಿ ಅನ್ನ, ಸಾರು, ಸೊಪ್ಪು ಎಡೆ ಇಟ್ಟರು. ಇನ್ನು ಇಡಬೇಕಾದವಳು ನಾನು. ಸತ್ತವರಿಗೆ ನೂರು ದಿನ ಊಟ ಹಾಕಬೇಕು. ಅಲ್ಲಿಯವರೆಗೆ ತಾವು ಸತ್ತಿದ್ದು ಅವರಿಗೂ ಪೂರ್ತಿ ಗೊತ್ತಾಗಿರುವುದಿಲ್ಲವಂತೆ, ಹೊತ್ತಿಗೆ ಸರಿಯಾಗಿ ಹಸಿವಾಗುತ್ತದಂತೆ.

ಬಸ್ಸಿನ ಕಿಟಕಿಯಿಂದ ಅಕ್ಕ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ನೋಡು ಸುಯೆನ್, ನಿಂಗೆ ಅಡಿಗೆ ಬರಲ್ಲ ಅಂತ ಇಡೀ ಬೀದಿಗೆ ಗೊತ್ತು. ಮೂವತ್ತೊಂದು ವರ್ಷ ನನ್ನ ತಮ್ಮನೇ ಬೇಯ್ಸಿ ಹಾಕ್ದ. ನೂರನೇ ದಿನಕ್ಕೆ ಬರ್ತೀನಿ. ಅವನು ಇಲ್ಲಿ ಹೊಟ್ಟೆ ತುಂಬ ಉಣ್ತಿದಾನೆ ಅಂತ ಕಂಡ್ರೆ ಸರಿ. ಇಲ್ಲಾಂದ್ರೆ ಊದುಬತ್ತಿ ಬಟ್ಟಲು ನಮ್ಮನೆಗೆ ತಗೊಂಡ್ ಹೋಗ್ತೀನಿ. ಅಲ್ಲಿ ಇನ್ನೊಬ್ಬ ತಮ್ಮನ ಮಗ ಇದಾನೆ, ಅವನ ಗಂಡುಮಕ್ಕಳಿದಾರೆ, ಉರಿಯೋ ಒಲೆ ಇದೆ."

ಬಟ್ಟಲು ಹೋದರೆ ಇವರೂ ಅದರ ಜೊತೆಗೆ ಹೋಗುತ್ತಾರೆ. ಮಕ್ಕಳಿಲ್ಲದವಳು ನಾನು, ಬೇಡ ಎನ್ನಲು ನನಗೆ ಬಾಯಿಲ್ಲ.

ನಮ್ಮ ಅಡುಗೆಮನೆ ಮೆಟ್ಟಿಲ ಕೆಳಗಿನ ಸಂದಿ. "ಇಲ್ಲಿ ಇಬ್ಬರು ನಿಂತ್ರೆ ಒಬ್ರು ಬೆಂದ್ಹೋಗ್ತಾರೆ, ನೀನು ಮಿಷನ್ ತುಳಿ ಹೋಗು" ಎಂದು ಮದುವೆಯಾದ ವಾರವೇ ಇವರು ನನ್ನನ್ನು ಹೊರಗೆ ಅಟ್ಟಿದ್ದರು. ಹಗಲೆಲ್ಲ ಕರೆಂಟ್ ಕಂಬ ಹತ್ತಿ ಬಂದು ಸಂಜೆ ಒಲೆ ಹಚ್ಚುತ್ತಿದ್ದರು. ಹೊರಗಿನ ಊಟ ಎಂದರೆ ಸಾಕು, ಮೂಗು ಮುರಿಯುತ್ತಿದ್ದರು. ಹನೋಯ್‌ನ ಈ ಹಳೇ ಪೇಟೆಯಲ್ಲಿ ಹತ್ತು ಹೆಜ್ಜೆಗೊಂದು ಸಾರಿನ ಹಂಡೆ ಕುದಿಯುತ್ತದೆ. ಮೂವತ್ತೊಂದು ವರ್ಷದಲ್ಲಿ ನಾನು ಒಂದು ದಿನವೂ ಆ ಮೊಣಕಾಲೆತ್ತರದ ಸ್ಟೂಲುಗಳ ಮೇಲೆ ಕೂತವಳಲ್ಲ.

ಸಂಜೆ ಮೀನು ಬೇಯಿಸಲು ಹೋದೆ. ಪಕ್ಕದ ಮನೆಯವರು ಬಕೆಟ್ ನೀರು ಹಿಡಿದು ಓಡಿ ಬಂದರು.

ಆಗಸ್ಟ್ 21

ಬೆಳಿಗ್ಗೆ ಆರಕ್ಕೆ ಕ್ಯಾರಿಯರ್ ಹಿಡಿದು ಬೆಳ್ಳಿಬೀದಿ ಮೂಲೆಯ ಫೊ, ಅಂದರೆ ನೂಡಲ್ಸ್ ಸಾರಿನ, ಅಂಗಡಿಗೆ ಹೋದೆ. ಹೆಂಗಸು ಆಗಷ್ಟೇ ಹಂಡೆಯ ಮುಚ್ಚಳ ತೆಗೆದಿದ್ದಳು. ನನ್ನ ಅಂಗಿಗೆ ಸಿಕ್ಕಿಸಿದ ಕರೀ ಬಟ್ಟೆಯ ತುಂಡು ನೋಡಿ ಅವಳ ಮುಖ ಗಂಟಿಕ್ಕಿತು. ಸಾವಿನ ಮನೆಯವರು ದಿನದ ಮೊದಲ ಗಿರಾಕಿಯಾದರೆ ವ್ಯಾಪಾರ ಕೆಡುತ್ತದೆ. ನನಗೇನು ಗೊತ್ತಿಲ್ಲದ್ದಲ್ಲ, ನನ್ನ ಹೊಲಿಗೆ ಅಂಗಡಿಯಲ್ಲಿ ನಾನೂ ಹಾಗೇ ಎಣಿಸಿದವಳೇ. ಮರೆತಿದ್ದೆ. ಅವಳು ಸಾರು ತುಂಬಿ ಕೊಟ್ಟಳು. ನಾಲ್ಕು ಹೆಜ್ಜೆ ನಡೆದು ತಿರುಗಿದರೆ ನಾನು ನಿಂತಿದ್ದ ಜಾಗದಲ್ಲಿ ಕಾಗದ ಸುಟ್ಟು ಹೊಗೆ ಬೀಸುತ್ತಿದ್ದಳು.

"ತಪ್ಪು ತಿಳ್ಕೋಬೇಡಿ ಅಕ್ಕ, ಹೊಟ್ಟೆಪಾಡು" ಎಂದಳು.

ಎಡೆ ಇಟ್ಟು, ಊದುಬತ್ತಿ ಅರ್ಧ ಉರಿದ ಮೇಲೆ ನಾಣ್ಯ ಕೇಳಿದೆ. ಇವರ ತಾಯಿಯ ಕಾಲದ ಎರಡು ತಾಮ್ರದ ನಾಣ್ಯಗಳು, ಒಂದೊಂದು ಬದಿಗೆ ಸುಣ್ಣ ಹಚ್ಚಿದೆ. ತಟ್ಟೆಯ ಮೇಲೆ ಬಿಟ್ಟಾಗ ಒಂದು ಬಿಳಿ, ಒಂದು ಕೆಂಪು ಬಿದ್ದರೆ ಒಪ್ಪಿಗೆ. ಎರಡೂ ಒಂದೇ ಬಣ್ಣವಾದರೆ ಬೇಡವೆಂದು. ಮೂರು ಸಲ ಕೇಳಬಹುದು, ಅದರ ಮೇಲೆ ಕೇಳಿದರೆ ಪೀಡಿಸಿದಂತೆ.

ಎರಡೂ ಕೆಂಪು. ಎರಡೂ ಕೆಂಪು. ಎರಡೂ ಬಿಳಿ.

ಅಕ್ಕ ಇದ್ದಾಗ ಇವರು ಒಂದೇ ಸಲಕ್ಕೆ ಒಪ್ಪುತ್ತಿದ್ದರು. ಸತ್ತರೂ ಹಟ ಬಿಟ್ಟಿಲ್ಲ. ತಣ್ಣಗಾದದ್ದನ್ನು ನಾನು ನಾಲ್ಕು ತುತ್ತು ತಿಂದು ಮಲಗಿದೆ.

ಆಗಸ್ಟ್ 23

ಓಣಿಯ ಬಾಯಲ್ಲಿ ಚಹಾ ಮಾರುವ ಗಾಮ್ ಅಜ್ಜಿ ಕೈ ಹಿಡಿದು ಕೂರಿಸಿಕೊಂಡಿತು.

"ಬೆಳಿಗ್ಗೆ ಬೆಳಿಗ್ಗೆ ಎಲ್ಲರ ಕೈಲಿ ಕಾಗದ ಸುಡಿಸ್ಕೊಂಡು ತಿರಗ್ತೀಯಲ್ಲೇ. ಮೊದ್ಲು ನನ್ನ ಹತ್ರ ಬಂದು ಕೂತ್ಕೋ. ಎಲ್ಲಾ ಕಡೆ ಎರಡು ಗಿರಾಕಿ ಆದ್ಮೇಲೆ ನಾನೇ ಕಳಿಸ್ತೀನಿ."

"ನಿಮ್ಮ ವ್ಯಾಪಾರ ಕೆಡಲ್ವಾ ಅಜ್ಜಿ?"

"ನಂಗೆ ಎಂಬತ್ತಾರು. ಇನ್ನೇನು ಕೆಡಬೇಕು?"

ಚಹಾ ಕುಡಿಸಿ, ಬೀದಿಯ ಎರಡೂ ಕಡೆ ನೋಡಿ, "ಆಯ್ತು, ಹೋಗು. ಹಗ್ಗದ ಬೀದೀಲಿ ಸುರುಳಿ ದೋಸೆಯವಳಿದಾಳೆ, ಎರಡನೇ ಬಾಗಿಲು, ಬೋರ್ಡಿಲ್ಲ" ಎಂದಿತು.

ಅಕ್ಕಿಹಿಟ್ಟನ್ನು ಬಟ್ಟೆಯ ಮೇಲೆ ತೆಳ್ಳಗೆ ಹರಡಿ, ಹಬೆಯಲ್ಲಿ ಬೇಯಿಸಿ, ಬಿದಿರು ಕಡ್ಡಿಯಲ್ಲಿ ಎತ್ತಿ ಸುರುಳಿ ಸುತ್ತುತ್ತಾಳೆ. ಹರಿಯದೆ ಎತ್ತುವುದನ್ನು ನಿಂತು ನೋಡಿದೆ. ಅಷ್ಟು ತೆಳು ಬಟ್ಟೆ ನನ್ನ ಕತ್ತರಿಗೂ ಸಿಕ್ಕಿಲ್ಲ. ಇವರಿಗೆ ಒಂದು ಪೊಟ್ಟಣ ಕಟ್ಟಿಸಿದೆ. ನನಗೆ ಬೇಕು ಅನ್ನಿಸಲಿಲ್ಲ.

ಎರಡೂ ಬಿಳಿ, ಮೂರು ಸಲವೂ.

ಆಗಸ್ಟ್ 31

ಈ ವಾರ ಇವರು ಬೇಡವೆಂದವು: ಅಂಟಕ್ಕಿ ಅನ್ನ, ಹಾವುಮೀನಿನ ಗಂಜಿ, ಬಾತುಕೋಳಿ, ಕೆಂಡದ ಮೇಲೆ ಸುಟ್ಟ ಹಂದಿ. ಒಂದೇ ಒಂದು ದಿನ, ಚಾಪೆಬೀದಿಯ ತೋಫು, ಒಂದು ಬಿಳಿ ಒಂದು ಕೆಂಪು. ಸಂತೋಷದಿಂದ ಮರುದಿನವೂ ಅದನ್ನೇ ಇಟ್ಟೆ. ಎರಡೂ ಕೆಂಪು. ತೋಫು ಒಪ್ಪಿದ್ದಲ್ಲ, ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು.

ಅಡುಗೆಮನೆಗೆ ಹೋಗಿದ್ದೆ. ಇವರ ಚಾಕು ಗೋಡೆಯ ಮೊಳೆಯಲ್ಲೇ ಇದೆ. ಕೈಗೆ ತೆಗೆದುಕೊಳ್ಳಲಾಗಲಿಲ್ಲ.

ಸೆಪ್ಟೆಂಬರ್ 7

ಬಿರುಗಾಳಿ. ಅಂಗಡಿಗಳೆಲ್ಲ ಮುಚ್ಚಿವೆ. ಪ್ಯಾಕೆಟ್ ನೂಡಲ್ಸ್ ಎಡೆ ಇಟ್ಟೆ. ನಾಣ್ಯ ಕೇಳುವ ಧೈರ್ಯವಾಗಲಿಲ್ಲ.

ಸೆಪ್ಟೆಂಬರ್ 12

ಗಾಮ್ ಅಜ್ಜಿ ಇವತ್ತು ಹಾಯಿಬೀದಿಗೆ ಕಳಿಸಿತು. "ಟೋಪಿ ಅಂಗಡಿ, ಬೀಗದ ಅಂಗಡಿ ಮಧ್ಯೆ ಒಂದು ಸಂದಿ ಇದೆ. ಕತ್ತಲು ಅಂತ ಹೆದರ್ಬೇಡ, ಒಳಗೆ ಹೋಗ್ತಾ ಇರು."

ಅಡ್ಡ ತಿರುಗಿ ನಡೆಯಬೇಕಾದಷ್ಟು ಇಕ್ಕಟ್ಟು. ಯಾರದೋ ಮಲಗುವ ಕೋಣೆ ದಾಟಿದೆ, ಹಲ್ಲುಜ್ಜುತ್ತಿದ್ದವನ ಮುಂದೆ ಹಾದು ಹೋದೆ, ಅವನು ನೊರೆಬಾಯಲ್ಲೇ ಒಳಗೆ ಕೈ ತೋರಿಸಿದ. ಕೊನೆಗೆ ಆಕಾಶ ಕಾಣುವ ಒಂದು ಅಂಗಳ. ನಕ್ಷತ್ರಹಣ್ಣಿನ ಮರ, ಏಳು ಸ್ಟೂಲು, ಒಂದು ಹಂಡೆ. ಹಂಡೆಯ ಹಿಂದೆ ಲುವಾ. ನಲವತ್ತೈದರ ಹೆಂಗಸು, ಎದೆ ನಲವತ್ತೆರಡು ಇರಬೇಕು, ಏಪ್ರನ್ನಿನ ಹೊಲಿಗೆ ಬಿಚ್ಚಿತ್ತು.

"ಅಲ್ಲೇ ನಿಂತು ಮರ ಪೂಜೆ ಮಾಡ್ತೀಯೋ, ಬಂದು ಕೂತ್ಕೋತೀಯೋ?" ಎಂದಳು.

"ಒಂದು ಕಟ್ಟಿ ಕೊಡಿ" ಎಂದೆ.

"ಕಟ್ಟಲ್ಲ. ನನ್ನ ಏಡಿ ಸಾರು ಪ್ಲಾಸ್ಟಿಕ್ಕಿಗೆ ಹುಟ್ಟಿದ್ದಲ್ಲ. ಕೂತು ತಿನ್ನು, ಇಲ್ಲಾ ಜಾಗ ಬಿಡು."

ಕೂತೆ. ಗದ್ದೆ ಏಡಿ ಕುಟ್ಟಿ ಹಿಂಡಿದ ರಸ, ಟೊಮೆಟೊ, ಹುಳಿ, ಒತ್ತುಶಾವಿಗೆ, ಮೇಲೆ ಕರಿದ ತೋಫು. ಬೆವರು ಒರೆಸಿಕೊಳ್ಳುತ್ತ ತಿಂದೆ. ಬಟ್ಟಲು ಕೆಳಗಿಟ್ಟ ಮೇಲೆ ನೋಡಿದರೆ ತಳ ಕಾಣುತ್ತಿತ್ತು. ಇವರಿಗೆ ಎಡೆ ಇಡುವ ಮೊದಲೇ ತಿಂದುಬಿಟ್ಟಿದ್ದೆ. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು.

"ಖಾರಾನಾ?" ಎಂದಳು ಲುವಾ.

ಹೇಳಿದೆ. ಗಂಡ, ಎಡೆ, ನಾಣ್ಯ, ಅತ್ತಿಗೆ, ಬಟ್ಟಲು, ಎಲ್ಲ. ಅವಳು ಸೌಟು ಹಿಡಿದೇ ಕೇಳಿದಳು. ಆಮೇಲೆ ತನ್ನ ಪಿಂಗಾಣಿ ಬಟ್ಟಲೊಂದಕ್ಕೆ ಸಾರು ತುಂಬಿ, ಮೇಲೆ ತಟ್ಟೆ ಮುಚ್ಚಿ ಕೈಗಿಟ್ಟಳು. "ಇದು ಕಟ್ಟಿ ಕೊಟ್ಟಿದ್ದಲ್ಲ, ಸಾಲ ಕೊಟ್ಟಿದ್ದು. ಬಟ್ಟಲು ವಾಪಸ್ ತರದಿದ್ರೆ ನಿನ್ನ ಗಂಡನ್ನೇ ಬಂದು ಕೇಳ್ತೀನಿ."

ಮೂರು ಸಲ ಕೇಳಿದೆ. ಮೂರು ಸಲವೂ ಎರಡೂ ಕೆಂಪು. ಇಷ್ಟು ಖಡಾಖಂಡಿತವಾಗಿ ಬೇರೆ ಯಾವುದನ್ನೂ ಬೇಡವೆಂದಿರಲಿಲ್ಲ.

ಸೆಪ್ಟೆಂಬರ್ 25

ನಲವತ್ತೊಂಬತ್ತನೇ ದಿನ. ಅರ್ಚಕರು ಬಂದು ಓದಿ ಹೋದರು. ಮಧ್ಯಾಹ್ನ ಅಕ್ಕ ಫೋನು ಮಾಡಿದರು.

"ಏನ್ ಇಟ್ಟೆ ಎಡೆಗೆ?"

"ಕೋಳಿ, ಬಿದಿರುಕಳಲೆ ಸಾರು, ಸುರುಳಿ ದೋಸೆ."

"ನೀನೇ ಮಾಡಿದ್ದಾ?"

"ಹೂಂ ಅಕ್ಕ."

"ಸುರುಳಿ ದೋಸೆ ನನ್ನಿಂದಾನೂ ಆಗಲ್ಲ" ಎಂದರು. ಸುಳ್ಳು ಹೇಳಲೂ ಅಡುಗೆ ಗೊತ್ತಿರಬೇಕು.

ನಾಣ್ಯ: ಎರಡೂ ಬಿಳಿ. ಇವರಿಗೂ ಸಿಟ್ಟು ಬಂದಿರಬಹುದು.

ಅಕ್ಟೋಬರ್ 6, ಭಾನುವಾರ

ಇವರಿಗೆ ಏನಾದರೂ ಹಿಡಿಸುವುದು ಸಿಗುತ್ತದೇನೋ ಎಂದು ಇಡೀ ಬೆಳಿಗ್ಗೆ ಸುತ್ತಿದೆ. ರೇಷ್ಮೆ ಅಂಗಡಿಯ ಹಿಂದಿನ ಮರದ ಏಣಿ ಹತ್ತಿದರೆ ಮೇಲೊಂದು ಕಾಫಿ ಕೋಣೆ ಇದೆ. ಮೊಟ್ಟೆಯ ಹಳದಿಯನ್ನು ನೊರೆಯಾಗುವಂತೆ ಕಡೆದು ಕಾಫಿಯ ಮೇಲೆ ಹಾಕುತ್ತಾರೆ. ನಲವತ್ತು ಹೆಜ್ಜೆ ದೂರದಲ್ಲಿ ಮೂವತ್ತು ವರ್ಷ ಹೊಲಿಗೆ ಹಾಕಿದ್ದೇನೆ, ತಲೆಯ ಮೇಲೆ ಇಂಥದೊಂದು ಇದೆಯೆಂದು ಗೊತ್ತಿರಲಿಲ್ಲ! ಕಿಟಕಿಯಿಂದ ಕೆಳಗೆ ಹೆಂಚುಗಳು, ಹೆಂಚಿನ ಮೇಲೆ ಒಂದು ಬೆಕ್ಕು, ಬೆಕ್ಕಿನ ಮುಂದೆ ಯಾರೋ ಇಟ್ಟ ಮೀನಿನ ತಲೆ. ಇನ್ನೊಂದು ಕಪ್ ತರಿಸಿಕೊಂಡೆ.

ಕೆಳಗಿಳಿದರೆ ಸೈಕಲ್ಲಿನವಳು ಎಳೆ ಭತ್ತದ ಹಸಿರು ಅವಲಕ್ಕಿ ಮಾರುತ್ತಿದ್ದಳು. ತಾವರೆ ಎಲೆಯಲ್ಲಿ ಕಟ್ಟಿ, ಹುಲ್ಲಿನ ದಾರ ಸುತ್ತಿ ಕೊಟ್ಟಳು. ಸೇತುವೆ ಕಡೆಗೆ ನಡೆಯುತ್ತ ಚಿಟಿಕೆ ಚಿಟಿಕೆಯಾಗಿ ಬಾಯಿಗೆ ಹಾಕಿಕೊಂಡೆ. ಮನೆಗೆ ಬಂದು ಎಲೆ ಬಿಚ್ಚಿದಾಗ ಇವರಿಗೆ ಉಳಿದದ್ದು ಒಂದು ಹಿಡಿ. ಫೋಟೋಗೆ ಕ್ಷಮಿಸಿ ಎಂದೆ. ಇವರು ಯಾವಾಗಿನಂತೆ ನೋಡುತ್ತಿದ್ದರು.

ಅಕ್ಟೋಬರ್ 15

ಲುವಾಳ ಏಪ್ರನ್ ಹೊಲಿದು ಕೊಟ್ಟೆ, ಜೇಬು ಸೇರಿಸಿ. "ಇಷ್ಟು ದೊಡ್ಡ ಜೇಬಾ? ಏನ್ ಮರಿ ಹಾಕಿ ಇಟ್ಕೊಳ್ಳಲಾ?" ಎಂದು ಬೈದಳು, ಆದರೆ ಅಲ್ಲೇ ಹಾಕಿಕೊಂಡಳು. ಅವಳು ಬಟ್ಟಲು ಕೈಗಿಟ್ಟಾಗ ಒಂದು ಗುಟುಕು ಕುಡಿದು ನೋಡಿ, "ಇವತ್ತು ಹುಳಿ ಸಾಲದು" ಎಂದೆ. ಅಂಗಳದಲ್ಲಿದ್ದ ಆರು ಜನವೂ ತಲೆ ಎತ್ತಿದರು. ಲುವಾಳಿಗೆ ಹಾಗೆ ಹೇಳಿ ಉಳಿದವರಿಲ್ಲವಂತೆ. ಅವಳು ಸೌಟಿನ ತುದಿ ನೆಕ್ಕಿ, ಇನ್ನೆರಡು ನಕ್ಷತ್ರಹಣ್ಣು ಹಿಚುಕಿದಳು.

ಸಂಜೆ ಮದುವೆಯ ಉದ್ದಂಗಿ ಹೊಲಿಸಲು ಬಂದ ಹುಡುಗಿ, "ಇಲ್ಲಿ ಊಟಕ್ಕೆ ಎಲ್ಲಿ ಹೋಗೋದು ಚಿಕ್ಕಮ್ಮ?" ಎಂದಳು. ಸುರುಳಿ ದೋಸೆ ಎಲ್ಲಿ, ಎಷ್ಟು ಗಂಟೆಗೆ, ತೋಫು ಯಾರ ಹತ್ತಿರ ತಿನ್ನಬಾರದು, ಎಲ್ಲ ಹೇಳಿ ಮುಗಿಸುವಾಗ ಅರ್ಧ ಗಂಟೆಯಾಗಿತ್ತು. ಹುಡುಗಿಯ ತೋಳಿನ ಅಳತೆ ತೆಗೆಯುವುದೇ ಮರೆತುಹೋಗಿದೆ.

ಅಕ್ಟೋಬರ್ 29

ಇವತ್ತು ಪುಟ ಹಿಂದೆ ತಿರುವಿದೆ. ಒಂದು ತಿಂಗಳಿಂದ ನಾಣ್ಯದ ಲೆಕ್ಕ ಬರೆದೇ ಇಲ್ಲ. ಕೇಳಿದ್ದೇನೆ, ದಿನವೂ ಕೇಳಿದ್ದೇನೆ. ಬರೆಯಲು ಮರೆತಿದ್ದೇನೆ. ಆಗೊಮ್ಮೆ ಈಗೊಮ್ಮೆ ಒಪ್ಪಿದ್ದಾರೆ, ಹೆಚ್ಚಾಗಿ ಇಲ್ಲ. ಏಡಿ ಸಾರಿಗಂತೂ ಒಂದು ಸಲವೂ ಇಲ್ಲ.

ಇನ್ನು ಹದಿನೇಳು ದಿನ. ಅಕ್ಕ ಬಂದು ಕೇಳಿದರೆ ಏನು ಹೇಳಲಿ? ಇವರು ಇಲ್ಲಿ ಉಪವಾಸ ಇದ್ದಾರೆ, ನಾನು ಮಾತ್ರ ತಿನ್ನುತ್ತಿದ್ದೇನೆ ಎಂದೇ? ರವಿಕೆಯ ಪಕ್ಕದ ಹೊಲಿಗೆ ಬಿಚ್ಚಿ ಅರ್ಧ ಇಂಚು ಸಡಿಲ ಮಾಡಿಕೊಂಡೆ. ಇವರನ್ನು ಕಳಿಸಿಬಿಟ್ಟರೆ, ಹೊರಗಿನಿಂದ ಬಂದಾಗ ಈ ಮನೆಯಲ್ಲಿ ಯಾರಿಗೆ 'ಬಂದೆ' ಎಂದು ಹೇಳಲಿ?

ನವೆಂಬರ್ 12

ಅಕ್ಕ ಮೂರು ದಿನ ಮೊದಲೇ ಬಂದಿಳಿದರು. ಒಂದು ಕೈಯಲ್ಲಿ ಕೋಳಿ, ಒಂದು ಕೈಯಲ್ಲಿ ಬ್ಯಾಗು. ಬ್ಯಾಗಿನಿಂದ ಮೊದಲು ಹೊರಬಂದದ್ದು ಮಡಚಿದ ಕೆಂಪು ಬಟ್ಟೆ. ಬಟ್ಟಲು ಸುತ್ತಿಕೊಂಡು ಹೋಗಲು. ಅದನ್ನು ಫೋಟೋ ಪಕ್ಕದಲ್ಲಿಟ್ಟು, ಅಡುಗೆಮನೆಗೆ ಹೋದರು.

ಒಲೆಯ ಮೇಲೆ ಬೆರಳು ಆಡಿಸಿ ಧೂಳು ತೋರಿಸಿದರು. ಫ್ರಿಜ್ಜು ತೆಗೆದರು, ನಿಂಬೆಹಣ್ಣು ಒಂದೇ ಇತ್ತು. ತೊಳೆದಿಟ್ಟ ಲುವಾಳ ಬಟ್ಟಲು ಎತ್ತಿ ತಿರುಗಿಸಿ ನೋಡಿದರು.

"ಇದು ನಮ್ಮನೇದಲ್ಲ."

"ಅಲ್ಲ ಅಕ್ಕ."

"ಅಂಗಡೀದು."

"ಹೂಂ."

"ನಾನು ಹೋದಾಗಿಂದ ಅವನಿಗೆ ಅಂಗಡಿ ಊಟ ಹಾಕಿದೀಯ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ನವೆಂಬರ್ 13

ಅಕ್ಕ ಅಡುಗೆ ಮಾಡಿದರು. ಇವರ ಚಾಕು ಮೊಳೆಯಿಂದ ತೆಗೆದು, ಕಲ್ಲಿಗೆ ನಾಲ್ಕು ಸಲ ಉಜ್ಜಿ, ಹಂದಿಮಾಂಸ ಹೆಚ್ಚಿದರು. ಆ ಸದ್ದು ಕೇಳಿ ನಾನು ಮಿಷನ್ ನಿಲ್ಲಿಸಿ ಕೂತೆ. ಸಾರಿನ ವಾಸನೆ ಮೆಟ್ಟಿಲು ಹತ್ತಿ ಬಂತು. ಇವರದೇ ವಾಸನೆ.

ಎಡೆ ಇಟ್ಟು ಅಕ್ಕ ನಾಣ್ಯ ಬಿಟ್ಟರು. ಒಂದು ಬಿಳಿ, ಒಂದು ಕೆಂಪು. ಮೊದಲ ಸಲಕ್ಕೇ.

"ನೋಡಿದ್ಯಾ?" ಎಂದರು. ಗೆದ್ದ ಧ್ವನಿಯಾಗಿರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು. ಮೂವತ್ತೊಂದು ವರ್ಷ ಜೊತೆಗಿದ್ದ ಮನುಷ್ಯ ಹಸಿದುಕೊಂಡು ನನ್ನನ್ನು ನೋಡುತ್ತಿದ್ದನೆಂದು ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೋಗಲಿ, ಅಕ್ಕನ ಮನೆಗೇ ಹೋಗಲಿ. ಅಲ್ಲಿಯಾದರೂ ಉಣ್ಣಲಿ.

ನವೆಂಬರ್ 14

ಬೆಳಿಗ್ಗೆ ಲುವಾಳ ಬಟ್ಟಲು ವಾಪಸ್ ಕೊಡಲು ಹೊರಟೆ. ಅಕ್ಕ ಚಪ್ಪಲಿ ಮೆಟ್ಟಿದರು. "ನಾನೂ ಬರ್ತೀನಿ. ಯಾರ ಕೈಯಡಿಗೆ ಅಂತ ನೋಡ್ಬೇಕು."

ಓಣಿ ಬಾಯಲ್ಲಿ ಗಾಮ್ ಅಜ್ಜಿ, "ಎರಡು ಗಿರಾಕಿ ಆಗಿದೆ, ಹೋಗು ಹೋಗು. ಯಾರಿದು, ಅತ್ತಿಗೇನಾ? ಇವಳು ಬಂದಾಗ ಬತ್ತಿ ಥರ ಇದ್ಲು, ಈಗ ನೋಡಿ, ಮುಖ ಹೇಗೆ ತುಂಬ್ಕೊಂಡಿದೆ" ಎಂದಿತು. ಅಜ್ಜಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ದೋಸೆಯವಳು ಕಡ್ಡಿ ಎತ್ತಿ ಕರೆದಳು. ಬೀಗದ ಅಂಗಡಿಯವನು ನಿನ್ನೆ ಯಾಕೆ ಬರಲಿಲ್ಲ ಎಂದ. ಅಕ್ಕ ಒಂದೊಂದು ಸಲವೂ ನನ್ನ ಕಡೆ ನೋಡುತ್ತಿದ್ದರು.

ಅಂಗಳ ತಲುಪಿದಾಗ ಲುವಾ, "ನಿನ್ನೆ ಎಲ್ಲಿ ಸತ್ತಿದ್ದೆ?" ಎಂದವಳು ಅಕ್ಕನನ್ನು ನೋಡಿ, "ದೊಡ್ಡಕ್ಕ, ನಿಂತ್ರೆ ಸಾರು ಆರತ್ತೆ, ಕೂರಿ" ಎಂದಳು.

"ನಾನು ಹೊರಗೆ ತಿನ್ನಲ್ಲ."

"ಹಂಗಾದ್ರೆ ಮೂಸಿ ನೋಡಿ, ಅದು ಪುಕ್ಕಟೆ." ಬಟ್ಟಲನ್ನು ತಂದು ಅಕ್ಕನ ಮೊಣಕಾಲಿನ ಮುಂದೆ ಇಟ್ಟೇಬಿಟ್ಟಳು.

ಅಕ್ಕ ಮೂಸಿದರು. ಚಮಚ ತೆಗೆದುಕೊಂಡರು. ಒಂದು ಗುಟುಕು ಕುಡಿದು ಹಾಗೇ ಕೂತುಬಿಟ್ಟರು. ಸಾರಿನಲ್ಲಿ ಏನೋ ಬಿದ್ದಿದೆ ಅಂದುಕೊಂಡೆ.

"ಏಡಿ ಸಾರಿನವಳು ನಮ್ಮ ಓಣಿಗೂ ಬರ್ತಿದ್ಲು" ಎಂದರು. "ಹೆಗಲ ಮೇಲೆ ಕಾವಡಿ. ಅಮ್ಮ ಹೋದ ವರ್ಷ. ನಿನ್ನ ಗಂಡಂಗೆ ಆರು, ನಂಗೆ ಹದಿಮೂರು. ಅವಳ ಕೂಗು ಕೇಳಿದ್ರೆ ಸಾಕು, ಬಾಗಿಲಿಗೆ ಓಡೋನು. ಅಕ್ಕಾ ಕೊಡ್ಸು, ಅಕ್ಕಾ ಕೊಡ್ಸು. ನಾನೆಲ್ಲಿಂದ ತರ್ಲಿ? ಮನೇಲಿ ಗೆಣಸೂ ಇರ್ಲಿಲ್ಲ. ಒಂದಿನ ತಡೀಲಾರ್ದೆ ಹೇಳ್ದೆ, ಅದು ಚರಂಡಿ ಏಡಿ, ತಿಂದ್ರೆ ಹೊಟ್ಟೇಲಿ ಹುಳ ಆಗತ್ತೆ, ಅಮ್ಮ ಅದನ್ನ ತಿಂದೇ ಸತ್ತಿದ್ದು ಅಂತ."

ಲುವಾಳ ಸೌಟು ನಿಂತಿತು.

"ಅವತ್ತಿಂದ ಕೇಳ್ಲೇ ಇಲ್ಲ. ಅವಳು ಬಂದ್ರೆ ಒಳಗೆ ಹೋಗಿ ಕಿವಿ ಮುಚ್ಕೊಳ್ಳೋನು. ನನ್ನ ಪಕ್ಕ ನಿಂತು ಅಡಿಗೆ ಕಲ್ತ. ದೊಡ್ಡವನಾದ, ಸಂಬಳ ತಂದ. ಆಗಲೂ ಕೇಳ್ಲಿಲ್ಲ. ಸುಳ್ಳು ಕಣೋ, ಹೋಗಿ ತಿನ್ನು ಅಂತ ನಾನು ಹೇಳ್ಬೋದಿತ್ತು. ಅವನು ಮನೆ ಊಟ ಬಿಟ್ಟು ಬೇರೆ ಮುಟ್ಟಲ್ಲ ಅಂತ ಜನ ಹೊಗಳ್ತಿದ್ರು, ನಂಗೂ ಹೆಮ್ಮೆ. ಹೇಳ್ಲಿಲ್ಲ."

ಒಂದು ಕೈಯಲ್ಲಿ ಕಣ್ಣು ಒರೆಸುತ್ತ, ಇನ್ನೊಂದು ಕೈಯಲ್ಲಿ ತಿನ್ನುತ್ತಲೇ ಹೋದರು. ಬಟ್ಟಲು ಖಾಲಿಯಾಯಿತು. ಲುವಾ ಕೇಳದೆ ಇನ್ನೊಂದು ಸೌಟು ಹಾಕಿದಳು, ಬೈಯಲಿಲ್ಲ. ಮೂವತ್ತೊಂದು ವರ್ಷ ನಾನು ಯಾರನ್ನು ಹಟಮಾರಿ ಎಂದುಕೊಂಡಿದ್ದೆನೋ ಅವರು ಹೆದರಿದ ಮಗುವಾಗಿದ್ದರು. ಒಮ್ಮೆಯಾದರೂ ಯಾಕೆ ಎಂದು ಕೇಳಬೇಕಿತ್ತು ನಾನು.

ನವೆಂಬರ್ 15, ಶುಕ್ರವಾರ

ನೂರನೇ ದಿನ. ಅಳು ನಿಲ್ಲಿಸುವ ದಿನ ಎನ್ನುತ್ತಾರೆ.

ಬೆಳಿಗ್ಗೆ ಎದ್ದಾಗ ಅಕ್ಕ ಮನೆಯಲ್ಲಿರಲಿಲ್ಲ. ಅರ್ಧ ಗಂಟೆಯ ಮೇಲೆ ಬಂದರು, ಎರಡೂ ಕೈಯಲ್ಲಿ ಲುವಾಳ ಬಟ್ಟಲು ಹಿಡಿದು, ತುಳುಕದ ಹಾಗೆ ಪುಟ್ಟ ಹೆಜ್ಜೆ ಇಡುತ್ತ. ಕೋಳಿ, ಕಳಲೆ, ಅಂಟಕ್ಕಿ ಅನ್ನ, ಎಲ್ಲವನ್ನೂ ಅಕ್ಕ ನಸುಕಿಗೇ ಮಾಡಿ ಮುಗಿಸಿದ್ದರು. ಅವನ್ನೆಲ್ಲ ಬದಿಗೆ ಸರಿಸಿ ಏಡಿ ಸಾರನ್ನು ಮಧ್ಯದಲ್ಲಿಟ್ಟರು. ಊದುಬತ್ತಿ ಹಚ್ಚಿದೆವು.

"ಥಿಯೆಪ್," ಎಂದರು ಅಕ್ಕ. ಇವರ ಹೆಸರು ಹಿಡಿದು ಯಾರಾದರೂ ಕರೆದು ನೂರು ದಿನವಾಗಿತ್ತು. "ಚರಂಡಿ ಏಡಿ ಅಲ್ಲ ಕಣೋ. ಗದ್ದೆ ಏಡಿ. ಅಮ್ಮ ಜ್ವರ ಬಂದು ಹೋದ್ಲು, ಇದನ್ನ ತಿಂದಲ್ಲ. ಅಕ್ಕನ ಹತ್ರ ಕಾಸಿರ್ಲಿಲ್ಲ, ಅದಕ್ಕೆ ಸುಳ್ಳು ಹೇಳ್ದೆ. ಈಗ ತಿನ್ನು. ಬಿಸಿ ಇದೆ, ಊದ್ಕೊಂಡು ತಿನ್ನು."

ನಾಣ್ಯ ಬಿಟ್ಟರು. ಎರಡೂ ಕೆಂಪು.

"ನಂಬಲ್ಲ ನೋಡು. ಐವತ್ತಾರು ವರ್ಷ ನಂಬಿದೋನು ಒಂದ್ಸಲಕ್ಕೆ ಹೆಂಗೆ ಬಿಡ್ತಾನೆ?"

ಎರಡೂ ಬಿಳಿ.

ಅಕ್ಕ ನಾಣ್ಯಗಳನ್ನು ನನ್ನ ಅಂಗೈಗೆ ಹಾಕಿದರು. "ನೀನು ಕೇಳು. ನೀನು ತಿಂದಿದೀಯಲ್ಲ, ನೀನು ಹೇಳು."

"ಚೆನ್ನಾಗಿದೆ ರೀ" ಎಂದೆ. "ನನಗೇನೂ ಆಗಿಲ್ಲ ನೋಡಿ." ಬಿಟ್ಟೆ.

ಒಂದು ಬಿಳಿ, ಒಂದು ಕೆಂಪು.

ನಾವಿಬ್ಬರೂ ಒಂದೇ ಸಲ ಅತ್ತೆವು, ಆಮೇಲೆ ಒಂದೇ ಸಲ ನಕ್ಕೆವು. ಊದುಬತ್ತಿ ಉರಿದು ಮುಗಿಯುವವರೆಗೆ ಕಾಯ್ದೆವು. ಅವಸರ ಪಡಿಸುವುದು ಬೇಡವೆಂದು ಇನ್ನೊಂದು ಹಚ್ಚಿದೆವು.

ಆಮೇಲೆ ಕೆಂಪು ಬಟ್ಟೆಯ ಮಾತು ಬಂತು. ಇಷ್ಟು ದೂರ ತಂದಿದ್ದಾರೆ, ಕೇಳದೆ ಬಿಡುವಂತಿಲ್ಲ. ಊದುಬತ್ತಿ ಬಟ್ಟಲ ವಿಷಯವನ್ನು ಒಂದೇ ಸಲ ಕೇಳಬೇಕು, ಮೂರು ಸಲವಿಲ್ಲ. ಅಕ್ಕ ಕೂದಲು ಸರಿಮಾಡಿಕೊಂಡು, ನೆಟ್ಟಗೆ ಕೂತು, "ಥಿಯೆಪ್, ಅಕ್ಕನ ಜೊತೆ ಮನೆಗೆ ಬರ್ತೀಯಾ?" ಎಂದರು. ಆ ಧ್ವನಿಯಲ್ಲಿ ಎಷ್ಟು ಆಸೆಯಿತ್ತೆಂದರೆ, ನಾನೇ ಆಗಿದ್ದರೂ ಹೂಂ ಎನ್ನುತ್ತಿದ್ದೆ.

ನಾಣ್ಯಗಳು ತಟ್ಟೆಯ ಮೇಲೆ ಸುತ್ತಿ ನಿಂತವು. ಒಂದು ಬಿಳಿ, ಒಂದು ಕೆಂಪು. ಕಣ್ಣಾರೆ ಕಂಡೆ.

ಅಕ್ಕ ತಟ್ಟೆಯ ಮೇಲೆ ಅಂಗೈ ಮುಚ್ಚಿದರು.

"ಬರಲ್ಲ ಅಂತಾನೆ" ಎಂದರು, ಫೋಟೋ ಕಡೆಗೂ ನೋಡದೆ, ನನ್ನ ಕಡೆಗೂ ನೋಡದೆ. "ಹೊಟ್ಟೆಬಾಕ. ಈ ಬೀದಿ ಬಿಟ್ಟು ಬರಲ್ವಂತೆ."

ಏನೂ ಕಾಣದವಳಂತೆ ನಾನು ಅಕ್ಕನ ಕೈಯ ಮೇಲೆ ನನ್ನ ಕೈ ಇಟ್ಟೆ.